ಹೆಸರಿನ ಋಣ

ನಮ್ಮ ಜಯಸಿಂಗಪುರಕ್ಕ ಶಾಹೂ ಮಹಾರಾಜರು ತಮ್ಮ ಹಡೆದ ತಂದೆ ಜಯಸಿಂಗರಾವ್ ಅವರ ಹೆಸರಿಟ್ಟರು. ಇಲ್ಲಿ ಚೀಲ ಹೊತ್ತ ನಮ್ಮಜ್ಜನ ಹೆಸರು ಎಲ್ಲೈತಿ? 1931ರ ಜನಗಣತಿಯೊಳಗ ಆತ ಬರೇ ಒಂದು ಅಂಕಿ. ಪುಸ್ತಕದಾಗ ಒಟ್ಟು ಲೆಕ್ಕ ಅಚ್ಚಾಗತೈತಿ, ಕೂಲಿಯವರ ಹೆಸರಲ್ಲ. ಪೇಪರಿನ ನಿಧನ ವಾರ್ತೆ ಹಮಾಲರಿಗೆ ಎಲ್ಲಿಂದ ಬರಬೇಕು? ಕಡೀಕ ಕೋತವಾಲ ಬುಕ್ಕಿನ ಸಾವಿನ ಪುಟದಾಗ ಒಂದು ಸಾಲು ಸಿಕ್ಕಿತು. ಮೋಡಿ ಬಲ್ಲವರಿಂದ ಓದಿಸಿ ಕೇಳಿ ಅತ್ತೆ.

ಮರುದಿನ ನಾಚಿಕಿ ಬಂತು. ನನ್ನ ಹೊಲದಾಗ ಇಪ್ಪತ್ತು ವರ್ಷ ಕಳೆ ತಗದು ಸತ್ತ ಮುದುಕಿಯನ್ನ ‘ಆಯಿ’ ಅಂತಿದ್ದೆ, ಹೆಸರು ಕೇಳಿರಲೇ ಇಲ್ಲ. ಸರಕಾರ ತಲಿ ಎಣಿಸಿ ಮರೀತೈತಿ, ನಾವು ಕೂಲಿ ಎಣಿಸಿ ಮರೀತೀವಿ. ಪದದ ಕೊನೀಗೆ ಕಟ್ಟಿದವನ ಹೆಸರು ಹಾಡತೀವಿ. ಬೆಳಿಯ ಕೊನೀಗೆ ದುಡಿದವರ ಹೆಸರು ಬ್ಯಾಡೇನು? ಕೇಳ್ರಿ, ಬರದಿಡ್ರಿ.