‘ಹಿಡ್ಕೋ’ ಅನ್ನಲು ಯಾರೂ ಇಲ್ಲದಾಗ

ಗ್ಯಾರೇಜಿನ ಮುಂದೆ ಹಾದುಹೋಗುವಾಗ ಈ ಮಾತು ನೀವೂ ಕೇಳಿರುತ್ತೀರಿ: ‘ಒತ್ತು... ಒತ್ತು... ಹಿಡ್ಕೋ... ಹ್ಞಾಂ, ಬಿಡು.’ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ ಮೇಸ್ತ್ರಿಯ ದನಿ, ಸೀಟಿನಲ್ಲಿ ಕೂತ ಹುಡುಗನ ಕಾಲು. ಬ್ರೇಕಿನ ಏರ್ ತೆಗೆಯುವುದು ಇಬ್ಬರ ಕೆಲಸ ಎಂದೇ ನಾನೂ ನಂಬಿದ್ದೆ. ಮನೆಯಲ್ಲಾದರೆ ಆ ಹುಡುಗನ ಪಾತ್ರ ಹೆಂಡತಿಗೋ ಮಗನಿಗೋ ಬರುತ್ತದೆ. ‘ಹಿಡ್ಕೋ’ ಅಂದಾಗ ಬಿಟ್ಟು, ‘ಬಿಡು’ ಅಂದಾಗ ಒತ್ತಿ, ಬ್ರೇಕ್ ಸರಿಹೋಗುವ ಮೊದಲೇ ಮಾತು ನಿಂತುಹೋಗುತ್ತದೆ.

ಕಳೆದ ಭಾನುವಾರ ಮನೆಯಲ್ಲಿ ಯಾರೂ ಇರಲಿಲ್ಲ. ಅದರ ಹಿಂದಿನ ವಾರ ಚಾರ್ಮಾಡಿ ಘಾಟಿ ಇಳಿಯುವಾಗ ಕಾರಿನ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿತ್ತು. ಎರಡು ಸಲ ಪಂಪ್ ಮಾಡಿದರೆ ಮಾತ್ರ ಗಟ್ಟಿ. ಸೆಕೆಂಡ್ ಗೇರಿನ ದಯೆಯಿಂದ ಕೆಳಗೆ ತಲುಪಿದೆ.

ತಪ್ಪು ನನ್ನದೇ. ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ಅದು ಎಣ್ಣೆಯೇ ಅಲ್ಲ. ನಿಜವಾದ ಎಣ್ಣೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಇದು ಗ್ಲೈಕಾಲ್ ಜಾತಿಯ ದ್ರವ, ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಕುಡಿಯುತ್ತದೆ. ಹೊಸ ಡಾಟ್ 4 ದ್ರವ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಸೇರಿದರೆ ಸಾಕು, ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಆ ಬಿಸಿ ದೂರದ ಮಾತೇನಲ್ಲ. ಕುದಿದರೆ ಆವಿ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿಯೂ ಗಾಳಿಯೂ ಕುಗ್ಗುತ್ತವೆ. ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದು, ಚಕ್ರಕ್ಕೆ ಏನೂ ಉಳಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದನ್ನು ನಾನು ಐದು ವರ್ಷ ಮುಟ್ಟಿರಲಿಲ್ಲ.

ಒಬ್ಬರೇ ಮಾಡುವವರಿಗೆ ತೊಡಕು ಒಂದೇ. ಚಕ್ರದ ಬಳಿ ಇರುವ, ಏರ್ ತೆಗೆಯುವ ನಿಪ್ಪಲ್ ಸಡಿಲಿಸಿ ಪೆಡಲ್ ಒತ್ತಿದಾಗ ಹಳೆಯ ದ್ರವ ಹೊರಬರುತ್ತದೆ, ಸರಿ. ಕಾಲು ಎತ್ತಿದಾಗ ಅದೇ ದಾರಿಯಲ್ಲಿ ಗಾಳಿ ಒಳಗೆ ಹೋಗುತ್ತದೆ. ‘ಹಿಡ್ಕೋ’ ಎಂಬ ಕೂಗು ಇರುವುದೇ ಅದಕ್ಕೆ, ಕಾಲು ಏಳುವ ಮೊದಲು ನಿಪ್ಪಲ್ ಮುಚ್ಚಬೇಕು. ಇದಕ್ಕೆ ಉಪಾಯ ಒಂದು ಖಾಲಿ ಬಾಟಲಿ. ಮುಚ್ಚಳಕ್ಕೆ ತೂತು ಕೊರೆದು, ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪನ್ನು ತೂರಿಸಿ, ಬಾಟಲಿಗೆ ಎರಡು ಬೆರಳಷ್ಟು ಹೊಸ ದ್ರವ ಸುರಿದೆ. ಪೈಪಿನ ಒಂದು ತುದಿ ನಿಪ್ಪಲ್ಲಿಗೆ ಬಿಗಿಯಾಗಿ ಕೂರಬೇಕು, ಇನ್ನೊಂದು ದ್ರವದಲ್ಲಿ ಮುಳುಗಿರಬೇಕು. ಆಗ ಪೆಡಲ್ ಮೇಲೇಳುವಾಗ ಗಾಳಿಯ ಬದಲು ದ್ರವವನ್ನೇ ಹೀರಿಕೊಳ್ಳುತ್ತದೆ. ಬಾಟಲಿಗೆ ‘ಹಿಡ್ಕೋ’ ಎಂದು ಹೇಳಬೇಕಾಗಿಯೇ ಇಲ್ಲ.

ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿದೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡಚಕ್ರ. ಕೆಲವು ಕಾರುಗಳಲ್ಲಿ ಕ್ರಮ ಬೇರೆ, ಮ್ಯಾನುಯಲ್ ನೋಡಿಕೊಳ್ಳಿ. ಕಾರು ನಿಂತದ್ದು ಜಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲೆ. ಮುಂದಿನ ಚಕ್ರಗಳಿಗೆ ಕಲ್ಲು. ಸ್ಪ್ಯಾನರಿನಿಂದ ನಿಪ್ಪಲ್ಲನ್ನು ಕಾಲು ಸುತ್ತು ಮಾತ್ರ ತಿರುಗಿಸಿದೆ, ಹೆಚ್ಚು ಸಡಿಲಿಸಿದರೆ ಅದರ ತಿರುಪಿನ ಸಂದಿಯಿಂದಲೇ ಗಾಳಿ ನುಸುಳುತ್ತದೆ. ಪೆಡಲ್ಲಿನ ಕೆಳಗೆ ಒಂದು ಮರದ ತುಂಡು ಇಟ್ಟೆ. ಹಳೆಯ ಕಾರಿನಲ್ಲಿ ಪೆಡಲ್ಲನ್ನು ನೆಲಮುಟ್ಟ ಒತ್ತಿದರೆ, ಎಂದೂ ಹೋಗದ ತುಕ್ಕಿನ ಜಾಗಕ್ಕೆ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿ ಹರಿಯುವ ಅಪಾಯವಿದೆ. ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರೂ ಇದ್ದಾರೆ.

ಒಳಗೆ ಕೂತು ನಿಧಾನ ಒತ್ತುವುದು, ಅದಕ್ಕಿಂತ ನಿಧಾನ ಬಿಡುವುದು. ಐದಾರು ಸಲ ಒತ್ತಿ ಇಳಿದು ನೋಡುವುದು. ಮೊದಲು ಬಂದದ್ದು ಹಳಸಿದ ಕಾಫಿ ಡಿಕಾಕ್ಷನ್ನಿನ ಬಣ್ಣ. ಆಮೇಲೆ ಪೈಪಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳ ಸಾಲು. ಇಡೀ ಚಾರ್ಮಾಡಿಯಲ್ಲಿ ನನ್ನ ಬೆನ್ನಿಗೆ ಬೆವರು ತಂದವು ಇವೇನಾ ಎಂದು ಕೂತು ನೋಡಿದೆ. ಆ ನೋಡುವ ಭರದಲ್ಲಿ ಬಾನೆಟ್ಟಿನ ಕೆಳಗಿನ ಬ್ರೇಕ್ ದ್ರವದ ಡಬ್ಬಿಯನ್ನು ಮರೆತೇಬಿಟ್ಟೆ. ಹೋಗಿ ನೋಡಿದರೆ ತಳದಲ್ಲಿ ಒಂದು ಬೆರಳಷ್ಟೇ ಉಳಿದಿತ್ತು. ಅದು ಬರಿದಾಗಿದ್ದರೆ ಮೇಲಿನಿಂದ ಗಾಳಿ ಹೊಕ್ಕು ಎಲ್ಲ ಮೊದಲಿನಿಂದ. ಅವಸರದಲ್ಲಿ ಸುರಿಯುವಾಗ ಮಡ್‌ಗಾರ್ಡಿನ ಮೇಲೆ ಚೆಲ್ಲಿತು. ಈ ದ್ರವ ಪೇಂಟನ್ನು ತಿನ್ನುತ್ತದೆ, ಬಕೆಟ್ ನೀರು ಹೊಯ್ದು ತೊಳೆದೆ.

ನಾಲ್ಕು ಚಕ್ರಕ್ಕೆ ಮೂರು ಗಂಟೆ. ಇಬ್ಬರಿದ್ದರೆ ಒಂದು ಗಂಟೆಯ ಕೆಲಸ, ಒಪ್ಪುತ್ತೇನೆ. ಕೊನೆಗೆ ಪೆಡಲ್ ಮೇಲೇ ಗಟ್ಟಿಯಾಗಿ ನಿಂತಿತು. ಮೊದಲು ಕಾಂಪೌಂಡಿನೊಳಗೆ ನಡಿಗೆಯ ವೇಗದಲ್ಲಿ ನಾಲ್ಕು ಸಲ ಬ್ರೇಕ್ ಹಾಕಿ ನೋಡಿ, ಆಮೇಲೆ ರಸ್ತೆಗಿಳಿದೆ. ನನ್ನದು ಎಬಿಎಸ್ ಇಲ್ಲದ ಹಳೆಯ ಕಾರು. ಎಬಿಎಸ್ ಘಟಕದೊಳಗೇ ಗಾಳಿ ಹೊಕ್ಕರೆ ಹಲವು ಕಾರುಗಳಲ್ಲಿ ಸ್ಕ್ಯಾನರ್ ಬೇಕಾಗುತ್ತದೆ, ಅಲ್ಲಿ ಬಾಟಲಿಯ ಆಟ ನಡೆಯುವುದಿಲ್ಲ, ಗ್ಯಾರೇಜಿಗೇ ಒಯ್ಯಿರಿ.

ನೀವು ಮಾಡುವುದಾದರೂ ಮಾಡಿಸುವುದಾದರೂ, ಇವತ್ತು ಸಂಜೆ ಸರ್ವಿಸ್ ಪುಸ್ತಕ ತೆಗೆದು ಬ್ರೇಕ್ ಆಯಿಲ್ ಬದಲಿಸಿದ ತಾರೀಖು ಒಮ್ಮೆ ನೋಡಿ. ಘಟ್ಟ ಇಳಿಯುವ ಮೊದಲು.