ಹೂದೋಟದೊಳಗಿನ ಕನ್ನಡಿ

ಕನ್ನಡಿಯ ಸ್ಥಾನ ಮನೆಯ ಒಳಗೆಂಬುದು ಬಹುಕಾಲದಿಂದ ನಡೆದುಬಂದ ತಿಳಿವಳಿಕೆ. ಪಡಸಾಲೆಯ ಗೋಡೆಗೊಂದು, ಹೆಣ್ಣುಮಕ್ಕಳ ಕೋಣೆಗೊಂದು. ದೇವರ ಮನೆಯಲ್ಲಿ ಛತ್ರ-ಚಾಮರಗಳೊಡನೆ ಅರ್ಪಿಸುವ ರಾಜೋಪಚಾರಕ್ಕೆ ಚಿಕ್ಕದೊಂದು. ಈಗ ಅದು ಹೊಸ್ತಿಲು ದಾಟಿ ಹಿತ್ತಲಕ್ಕೆ ಬರತೊಡಗಿದೆ. ಹುಬ್ಬಳ್ಳಿ-ಧಾರವಾಡಗಳ ಹಳೆಯ ವಾಡೆಗಳಿಗೆ ಇದ್ದಂಥ ವಿಸ್ತಾರವಾದ ಹಿತ್ತಲು ಇಂದಿನ ಬಡಾವಣೆಗಳಲ್ಲಿ ಎಲ್ಲಿಂದ ಬರಬೇಕು? 30 ಅಡಿಗೆ 40 ಅಡಿಯ ನಿವೇಶನವೆಂದರೆ 1200 ಚದರಡಿ. ಮನೆ ಎದ್ದುನಿಂತ ಮೇಲೆ ಉಳಿಯುವದು ತುಲಸೀಕಟ್ಟೆ, ಒಂದು ದಾಸವಾಳ, ಒಂದು ಪೇರಲ, ಗೋಡೆಗೆ ಹಬ್ಬಿದ ಮಲ್ಲಿಗೆ, ಇಷ್ಟಕ್ಕೇ ಸಾಲುವ ನೆಲ. ಆ ಗೋಡೆಗೆ ಆಳೆತ್ತರದ ಕನ್ನಡಿಯನ್ನು ನಿಲ್ಲಿಸಿದೊಡನೆ ಒಂದು ಪೇರಲ ಎರಡಾಗಿ, ಗೋಡೆಯಿದ್ದಲ್ಲಿ ಬಾಗಿಲಿದ್ದಂತೆ ತೋರಿ, ನೋಡುವವರ ಉಸಿರು ತುಸು ಸಡಿಲಾಗುವದು ನಿಜ. ಇದರಲ್ಲಿ ಯೋಗ್ಯಾಯೋಗ್ಯವನ್ನು ವಿಚಾರಿಸುವದೆಂದರೆ ಅಲಂಕಾರದ ಮಾತಿಗೆ ಧರ್ಮಶಾಸ್ತ್ರವನ್ನು ಎಳೆತಂದಂತೆ ಎಂದು ಕೆಲವರು ನಗಬಹುದು. ಆದರೆ ಮನೆಯೊಳಗಿನ ಕನ್ನಡಿಯ ಎದುರು ನಿಲ್ಲುವವರು ಮನೆಯವರಷ್ಟೇ, ಹಿತ್ತಲದಲ್ಲಿ ಹಾಗಲ್ಲ. ಪ್ರಶ್ನೆ ಹುಟ್ಟುವದು ಈ ಒಂದು ವ್ಯತ್ಯಾಸದಿಂದಲೇ.

ಆಕ್ಷೇಪಗಳಲ್ಲಿ ಮೊದಲು ನಾಲಗೆಗೆ ಬರುವದು ವಂಚನೆಯದು. ಇಲ್ಲದ್ದನ್ನು ಇದ್ದಂತೆ ತೋರಿಸುವದು ಸುಳ್ಳಲ್ಲವೆ? ಕನ್ನಡಿಯೊಳಗಿನ ಗಂಟು ಎಂದು ಕನ್ನಡದ ನುಡಿ ಹಂಗಿಸುತ್ತಲೇ ಬಂದಿದೆ. ಆದರೆ ಆ ಮಾತು ಗಂಟಿಗೆ ಕೈಚಾಚುವವನಿಗೆ ಆಡಿದ್ದು. ಹೂವಿನ ಚೆಲುವನ್ನು ಯಾರೂ ಗಂಟುಕಟ್ಟಿ ಒಯ್ಯುವದಿಲ್ಲ. ಕಣ್ಣಿಗೆ ದಕ್ಕಿದರೆ ಅದು ದಕ್ಕಿದಂತೆಯೇ. ಕನ್ನಡಿಯ ಮಲ್ಲಿಗೆಗೆ ಪರಿಮಳವಿಲ್ಲ, ಅದನ್ನು ಕಟ್ಟಿ ಮುಡಿಯಲಿಕ್ಕಾಗದು ಎಂಬುದನ್ನು ಮನೆಯ ಕೂಸೂ ಬಲ್ಲದು. ತಿಳಿದು ಒಪ್ಪಿಕೊಂಡ ಭ್ರಮೆಗೆ ವಂಚನೆಯೆಂಬ ಹೆಸರು ಸಲ್ಲದು. ಇಲ್ಲವಾದರೆ ಬಯಲಾಟದ ಕಿರೀಟವನ್ನೂ ಸುಳ್ಳೆನ್ನಬೇಕಾದೀತು.

ಇದು ಹೊಸ ಹುಚ್ಚೆಂಬ ದೂರೂ ಅಷ್ಟೇ ಹಗುರ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1684ರಲ್ಲಿ ಮುಗಿದ ಕನ್ನಡಿಯ ಮೊಗಸಾಲೆಗೆ ಉದ್ಯಾನದ ಕಡೆಗೆ ತೆರೆದ 17 ಕಿಟಕಿಗಳಿವೆ. ಅವುಗಳ ಎದುರಿನ 17 ಕಮಾನುಗಳಲ್ಲಿ 357 ಕನ್ನಡಿಗಳನ್ನು ಕೂಡಿಸಿ ಹೊರಗಿನ ಹಸುರನ್ನು ಒಳಗೆ ಕರೆತಂದರು. ಅಂದು ಅದು ದೊರೆಗಷ್ಟೇ ಸಾಧ್ಯವಿತ್ತು. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞನಾದ ಲೀಬಿಗ್‌ನು ಗಾಜಿಗೆ ಬೆಳ್ಳಿಯ ತೆಳುಲೇಪ ಹಿಡಿಸುವ ಬಗೆಯನ್ನು ಕಂಡುಹಿಡಿದ ತರುವಾಯ ಕನ್ನಡಿಯು ಕ್ರಮೇಣ ಬಡವರ ಮನೆಗೂ ಇಳಿಯಿತು. ಲಂಬಾಣಿ ಹೆಂಗಸರು ಬಿಲ್ಲೆಗನ್ನಡಿಗಳನ್ನು ಉಡುಪಿಗೆ ಹೊಲಿದುಕೊಂಡು ಬಿಸಿಲಲ್ಲಿ ನಡೆದರೆ ಅದೇ ಒಂದು ಸಂಚಾರಿ ಹೂದೋಟ. ಇಲ್ಲಿ ಲಕ್ಷ್ಯದಲ್ಲಿಡತಕ್ಕದ್ದು ಇಷ್ಟೇ: ವರ್ಸೇಲ್ಸಿನಲ್ಲಿ ಕನ್ನಡಿ ಒಳಗೆ, ತೋಟ ಹೊರಗೆ.

ಭ್ರಮೆಯು ಎಲ್ಲಿಯವರೆಗೆ ನಿರ್ದೋಷಿ, ಎಲ್ಲಿಂದ ಸದೋಷವಾಗುವದು? ಇದಕ್ಕೆ ಮಯಸಭೆಗಿಂತ ಹತ್ತಿರದ ದೃಷ್ಟಾಂತವಿಲ್ಲ. ಹುಬ್ಬಳ್ಳಿ ತಾಲೂಕಿನ ಕೋಳಿವಾಡದವನೆಂದು ಪ್ರಸಿದ್ಧನಾದ ಕುಮಾರವ್ಯಾಸನ ಭಾರತವನ್ನು ಓದಿಸಿ ಕೇಳಿದ ಮನೆತನಗಳಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ತಿಳಿದು ದುರ್ಯೋಧನನು ಬಿದ್ದನು; ಕಂಡವರು ನಕ್ಕರು. ಪಾಂಡವರಿಗೆ ಆ ನೆಲದ ಗುಟ್ಟು ಗೊತ್ತಿತ್ತು, ಅವರಿಗದು ವಿನೋದ. ಅತಿಥಿಗೆ ಗೊತ್ತಿರಲಿಲ್ಲ, ಅವನಿಗದು ಅವಮಾನ. ಸ್ಫಟಿಕ ಒಂದೇ, ಅದು ಅರಿತವನಿಗೊಂದು ಅರಿಯದವನಿಗೊಂದು ಆಯಿತು. ಆ ಸಭೆಯ ಹುಟ್ಟನ್ನೂ ಮರೆಯಲಾಗದು: ಖಾಂಡವವನವು ಮೃಗಪಕ್ಷಿಗಳ ಸಮೇತ ಸುಟ್ಟುಹೋದಾಗ ಪ್ರಾಣ ಉಳಿಸಿಕೊಂಡ ಮಯನು ಆ ಋಣಕ್ಕಾಗಿ ಅದನ್ನು ಕಟ್ಟಿಕೊಟ್ಟನು.

ಹಿತ್ತಲದಲ್ಲಿ ಆ ಅರಿಯದ ಅತಿಥಿ ಯಾರೆಂದರೆ ಹಕ್ಕಿ. ಧಾರವಾಡದ ಹಿತ್ತಲಗಳಲ್ಲಿ ಕಪ್ಪು-ಬಿಳಿಯ ಮಡಿವಾಳ ಹಕ್ಕಿಯನ್ನು ಕಾಣದವರು ವಿರಳ. ಸುಮಾರು ಮಾರ್ಚಿನಿಂದ ಜುಲೈವರೆಗೆ ಅದಕ್ಕೆ ಗೂಡಿನ ಕಾಲ. ಆಗ ಗಂಡುಹಕ್ಕಿ ಎತ್ತರದ ಕೊಂಬೆಯಲ್ಲಿ ಕುಳಿತು ಹಾಡುವದು ಕೇಳುವವರ ಕಿವಿಗೆ ಇಂಪು. ಹಕ್ಕಿಯ ಮಟ್ಟಿಗೆ ಅದು ಈ ಮೇರೆಯೊಳಗೆ ಇನ್ನೊಬ್ಬನು ಕಾಲಿಡಕೂಡದೆಂಬ ಸಾರುವಿಕೆ. ಕಾಲಿಟ್ಟ ಎದುರಾಳಿ ನಿಜವಾದ ಹಕ್ಕಿಯಾದರೆ ಹೊಡೆದಾಟ ಬೇಗ ತೀರುವದು: ಒಬ್ಬನು ಸೋತು ಹಾರಿಹೋಗುವನು. ಕನ್ನಡಿಯೊಳಗಿನ ಎದುರಾಳಿ ಸೋಲುವದಿಲ್ಲ, ದಣಿಯುವದೂ ಇಲ್ಲ. ಇದು ಕುಕ್ಕಿದಷ್ಟು ಅದೂ ಕುಕ್ಕುವದು. ಇದು ಹಿಂದೆ ಸರಿದು ಮರಳಿ ಬಂದರೆ ಅದೂ ಮರಳಿ ಬರುವದು. ಮರಿಗಳಿಗೆ ಹುಳು ತರಬೇಕಾದ ಹೊತ್ತು ಗಾಜಿನ ಮುಂದೆ ಕಳೆದುಹೋಗುವದು. ಹಕ್ಕಿಯ ಬುದ್ಧಿಗೇಡಿಗೆ ಮನೆಯವರೇನು ಮಾಡಬೇಕೆಂದು ಕೇಳುವವರಿದ್ದಾರೆ. ತನ್ನ ಬಿಂಬವನ್ನು ತನ್ನದೆಂದು ಅರಿಯುವದು ಪ್ರಾಣಿಲೋಕದಲ್ಲಿ ಅತಿವಿರಳವಾದ ಶಕ್ತಿ. 1970ರಲ್ಲಿ ಗ್ಯಾಲಪ್ ಎಂಬ ವಿದ್ವಾಂಸನು ಚಿಂಪಾಂಜಿಗಳಲ್ಲಿ ಅದನ್ನು ತೋರಿಸಿದನು. 2008ರಲ್ಲಿ ಜರ್ಮನಿಯಲ್ಲಿ ಕಾಗೆಯ ಕುಲದ ಮ್ಯಾಗ್‌ಪೈ ಹಕ್ಕಿಯಲ್ಲಿ ಅದರ ಕುರುಹು ಕಂಡಿತು. ಇಲ್ಲದ ಶಕ್ತಿಯನ್ನು ಬಳಸಲಿಲ್ಲವೆಂದು ಹಕ್ಕಿಯನ್ನು ದೂರುವದು ನ್ಯಾಯವಲ್ಲ. ಬಿಂಬಕ್ಕಿಂತ ಪ್ರತಿಬಿಂಬ ಬೇರೆಯಲ್ಲವೆಂದು ಅದ್ವೈತಿಗಳಲ್ಲಿ ವಿವರಣಪಂಥದವರು ಹೇಳಿದರು. ಅದು ಬಿಂಬಕ್ಕೆ ಅಧೀನವಾಗಿದ್ದರೂ ಬೇರೆಯೇ ಹೌದು, ಸತ್ಯವೂ ಹೌದು ಎಂದು ಮಾಧ್ವರು ಹೇಳಿದರು. ಮಡಿವಾಳ ಹಕ್ಕಿ ಯಾವ ಪಕ್ಷವೆಂದು ಕೇಳಬೇಕಾದ್ದಿಲ್ಲ. ಅದರ ಕೊಕ್ಕೇ ಉತ್ತರ.

ಕಾದಾಟಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ಕನ್ನಡಿಯಲ್ಲಿ ಮರವನ್ನೋ ಆಕಾಶವನ್ನೋ ಕಂಡ ಹಕ್ಕಿ ಅಲ್ಲಿಗೆ ಹಾರಹೊರಡುವದು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಕಟ್ಟಡಗಳ ಗಾಜಿಗೆ ಬಡಿದು ಸಾಯುವ ಹಕ್ಕಿಗಳು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿಯೆಂದು 2014ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುವದು. ಒಂದು ಹಿತ್ತಲದ ಲೆಕ್ಕ ಅದರಲ್ಲಿ ಏನೂ ಅಲ್ಲ, ನಿಜ. ಆದರೆ ಕಿಟಕಿಯ ಗಾಜು ಬೆಳಕಿಗಾಗಿ ಬೇಕು. ಹಿತ್ತಲದ ಕನ್ನಡಿ ಬರಿಯ ಶೋಭೆಗೆ. ಅವಶ್ಯಕತೆಯಿಂದಾದ ಹಾನಿಗೆ ಸಿಗುವ ಕ್ಷಮೆ ಶೋಭೆಯಿಂದಾದ ಹಾನಿಗೆ ಸಿಗಬೇಕೆಂಬುದು ಹೇಗೆ?

ಹಕ್ಕಿಯ ಮಾತು ಅತ್ತಿರಲಿ, ಮನುಷ್ಯನಿಗಾದರೂ ಅದು ಹಿತವೆ? ಹೂದೋಟಕ್ಕೆ ಹೋಗುವದು ಎಲೆ-ಚಿಗುರುಗಳನ್ನು ನೋಡಲಿಕ್ಕೆ; ಎದುರಿಗೆ ತನ್ನದೇ ಮೋರೆ ಕಂಡರೆ ಕೈ ತಾನಾಗಿ ಕೂದಲಿಗೆ ಹೋಗುವದು. ಆದರೂ ಫಲಪುಷ್ಪಗಳ ನಡುವೆ ಕನ್ನಡಿ ಸರ್ವಥಾ ಸಲ್ಲದೆನ್ನುವಂತಿಲ್ಲ. ಕಾಸರಗೋಡಿನ ಕಡೆ ಸೌರಮಾನ ಯುಗಾದಿಯ ನಸುಕಿನಲ್ಲಿ ಇಡುವ ಬಿಸುಕಣಿಯಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆ, ಹಣ್ಣು, ಹೂಗಳ ನಡುವೆ ಕನ್ನಡಿಯೂ ಇರುವದು. ವರ್ಷಕ್ಕೊಮ್ಮೆ ಬೆಳೆಯ ನಡುವೆ ತನ್ನ ಮುಖವನ್ನು ಕಾಣುವದಕ್ಕೂ ದಿನವೂ ಗಿಡಗಳ ನಡುವೆ ಅದನ್ನೇ ಕಾಣುವದಕ್ಕೂ ಬಹಳ ಅಂತರವಿದೆ. ಉಣಕಲ್ಲಿನಲ್ಲಿ, ಸಾಧನಕೇರಿಯಲ್ಲಿ ಕೆರೆಯ ನೀರೂ ಕನ್ನಡಿಯೇ. ಆದರೆ ನೀರು ಕನ್ನಡಿಯಾಗುವದು ಗಾಳಿ ನಿಂತಾಗ, ತನ್ನ ಬಿಡುವಿನಲ್ಲಿ. ಕುಡಿಯಲು ಬಾಗಿದ ಕೊಕ್ಕು ತಾಗಿದೊಡನೆ ಅಲ್ಲಿಯ ಬಿಂಬ ಒಡೆದುಹೋಗುವದು, ಹಕ್ಕಿಗೆ ನೀರು ಸಿಕ್ಕುವದು.

ಇಷ್ಟಾದರೂ ಇಕ್ಕಟ್ಟಾದ ಹಿತ್ತಲವುಳ್ಳವರ ಆಸೆಯನ್ನು ತಳ್ಳಿಹಾಕುವದು ನಿರ್ದಯವೇ ಸರಿ. ಬಯಲಲ್ಲಿ ನಿಲ್ಲಿಸಿದ ಕನ್ನಡಿಗೆ ಎರಡೆರಡು ಇಂಚಿನ ಅಂತರದಲ್ಲಿ ಗುರುತು ಮಾಡಿದರೆ ಹಕ್ಕಿ ಬಡಿಯುವದು ಕಡಿಮೆಯಾಗುವದೆಂದು ತಿಳಿದವರು ಹೇಳುವರು. ಹಾಗೆ ಚುಕ್ಕೆಯಿಟ್ಟ ಮೇಲೆ ಅದು ಕನ್ನಡಿಯಾಗಿ ಉಳಿಯುವದು ಅಷ್ಟಕ್ಕಷ್ಟೆ. ಗೂಡಿನ ಕಾಲದಲ್ಲಿ ಗೋಣಿತಟ್ಟು ಹೊದಿಸಿಡಬಹುದು. ಅದಕ್ಕಿಂತ ಸುಲಭವಾದದ್ದು ವರ್ಸೇಲ್ಸಿನವರ ಹಳೆಯ ಉಪಾಯ: ಕನ್ನಡಿಯನ್ನು ಪಡಸಾಲೆಯ ಒಳಗೋಡೆಗೆ, ಹಿತ್ತಲಬಾಗಿಲಿಗೆ ಎದುರಾಗಿ ತೂಗುಹಾಕಿ, ಬಾಗಿಲಿಗೆ ಸೊಳ್ಳೆಯ ಜಾಳಿಗೆ ಹಚ್ಚುವದು. ಪೇರಲ ಆಗಲೂ ಎರಡಾಗಿಯೇ ಕಾಣುವದು. ಧಾರವಾಡದ ಮಳೆಗೆ ಬೆಳ್ಳಿಯ ಲೇಪ ಅಂಚಿನಿಂದ ಕಪ್ಪಾಗುವ ಭಯವೂ ಇರುವದಿಲ್ಲ.