ದ್ರವ್ಯವೇದ, ಭಾವವೇದ

ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ದ್ರವ್ಯವೇದ, ಭಾವವೇದಗಳನ್ನು ಬೇರ್ಪಡಿಸಿದ್ದಾರೆ. ದೇಹದ ಲಿಂಗ ನಾಮಕರ್ಮದ ಉದಯದಿಂದ, ಅಂತರಂಗದ್ದು ನೋಕಷಾಯದ ಉದಯದಿಂದ; ಇವೆರಡೂ ಪ್ರಾಯಶಃ ಸಮ, ಕೆಲವೆಡೆ ವಿಷಮ. ಇಂದಿನ ಲಿಂಗತ್ವದ ಮಾತಿಗೆ ಇದು ಪೂರ್ತಿ ಹೊಂದದು, ನಿಜ. ಆದರೂ ಸಾವಿರ ವರ್ಷಗಳ ಹಿಂದೆ ಆಚಾರ್ಯರು ಗುರುತಿಸಿದ ವೈಷಮ್ಯವನ್ನು ಕಂಡು ನಾವಿನ್ನೂ ನಗುತ್ತೇವೆ.

2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36-ಎ ಕಲಮು ಈ ಜನರನ್ನು ಶಂಕಿತರಂತೆ ಪಟ್ಟಿಮಾಡಲು ಅವಕಾಶವಿತ್ತಿತು. 2022ರಲ್ಲಿ ನಮ್ಮ ಮಾನ್ವಿ ತಾಲೂಕಿನ ಅವರಲ್ಲೊಬ್ಬರು ಸರಕಾರಿ ಶಿಕ್ಷಕ ಹುದ್ದೆಗೆ ಆಯ್ಕೆಯಾದರು.

ನವೆಂಬರ್ 20, ಹತರಾದವರ ಸ್ಮರಣದಿನ. ಅಮೆರಿಕದಲ್ಲಿ 1998ರಲ್ಲಿ ಕೊಲೆಯಾದ ರೀಟಾ ಹೆಸ್ಟರ್ ಅವರ ನೆನಪಿನಿಂದ ಮರುವರ್ಷ ಮೊದಲಾಯಿತು. ಕೊಲೆ ನಮ್ಮ ಕೈಯದಲ್ಲವೆಂದು ಸಮಾಧಾನಪಡುತ್ತೇವೆ. ಕೃತ, ಕಾರಿತ ಸರಿ, ಅನುಮೋದಿತ? ರಾಯಚೂರಿನ ಬಸ್ ನಿಲ್ದಾಣದಲ್ಲಿ ಅವರ ಮೇಲೆ ಬಿದ್ದ ಬೈಗುಳ ಕೇಳಿ, ಮುಗುಳ್ನಕ್ಕು ದೇವದುರ್ಗದ ಬಸ್ಸು ಹತ್ತಿದವರಲ್ಲಿ ನಾನೂ ಒಬ್ಬ.